ಗ್ರೇಟ್ ವೈಟ್ ಶಾರ್ಕ್ ಇರುವ ನೀರಿಗೆ ಇಳಿಯುವವರಿಗೆ

ನಾನು ಗ್ರೇಟ್ ವೈಟ್ ಶಾರ್ಕನ್ನು ಮೊದಲು ಹತ್ತಿರದಿಂದ ನೋಡಿದ್ದು 2013ರಲ್ಲಿ, ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ಹತ್ತಿರ, ಪಂಜರದೊಳಗೆ ನಿಂತುಕೊಂಡು. ನಾನು ಎಡಕ್ಕೆ ನೋಡ್ತಾ ಇದ್ದೆ. ಅದು ಬಲಗಡೆಯಿಂದ, ನನ್ನ ಕಾಲಿಗಿಂತ ಕೆಳಗಿನಿಂದ ಬಂತು. ಸರಳಿನ ಪಕ್ಕದಲ್ಲೇ ಹಾದುಹೋಗುವಾಗ ಮೂತಿಯ ಮೇಲಿನ ಹಳೇ ಗೀರುಗಳೆಲ್ಲಾ ಕಂಡವು. ದೂರದಿಂದ ಬರೀ ಕಪ್ಪಾಗಿ ಕಾಣುವ ಕಣ್ಣು ನಿಜಕ್ಕೂ ಕಡು ನೀಲಿ. ಆ ಕಣ್ಣು ನನ್ನ ಕಡೆ ತಿರುಗಿತು. ಅದು ನನ್ನನ್ನು ನೋಡಿದ್ದು ನನಗೆ ಗೊತ್ತಾಯಿತು. ನಾನು ಅದನ್ನು ನೋಡಿದ್ದೂ ಅದಕ್ಕೆ ಗೊತ್ತಾಯಿತು ಅಂತ ಈಗಲೂ ನಂಬಿದ್ದೇನೆ.

ನಾನು ಹೇಳಬೇಕಾದ ಮುಖ್ಯ ವಿಷಯವೇ ಇದು. ಗ್ರೇಟ್ ವೈಟ್ ಹೊಂಚು ಹಾಕಿ ಬೇಟೆಯಾಡುವ ಪ್ರಾಣಿ. ಬೆನ್ನು ಕಪ್ಪು ಬೂದು, ಹೊಟ್ಟೆ ಬಿಳಿ. ಮೇಲಿನಿಂದ ನೋಡಿದರೆ ಆಳದ ನೀರಿನಲ್ಲಿ ಕರಗಿಹೋಗುತ್ತದೆ. ಸೀಲ್ ಅನ್ನುವ ಕಡಲ ಪ್ರಾಣಿಗಳಿರುವ ದ್ವೀಪದ ಸುತ್ತ, ಬೆಳಗಿನ ಮಬ್ಬು ಬೆಳಕಿನಲ್ಲಿ, ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ. ಸೀಲ್ ತನ್ನನ್ನು ನೋಡಿಬಿಟ್ಟರೆ ಶಾರ್ಕ್‌ನ ಅರ್ಧ ಬಲ ಹೋದ ಹಾಗೆ. ಆದ್ದರಿಂದ ಶಾರ್ಕ್ ಕಂಡರೆ ಅದರಿಂದ ಕಣ್ಣು ತೆಗೆಯಬೇಡಿ.

ಭಯ ಎಷ್ಟಿರಬೇಕು? ಪ್ರಪಂಚದಲ್ಲಿ ಎಲ್ಲಾ ಜಾತಿಯ ಶಾರ್ಕ್‌ಗಳೂ ಸೇರಿ, ಮನುಷ್ಯರು ಕೆಣಕದೇ ಕಚ್ಚುವ ಘಟನೆಗಳು ವರ್ಷಕ್ಕೆ ಸುಮಾರು 60–70. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಡ್ರೋನ್ ಹಾರಿಸಿ ನೋಡಿದಾಗ, ಬೋರ್ಡ್ ಮೇಲೆ ಅಲೆ ಸವಾರಿ ಮಾಡುವ ಸರ್ಫರ್‌ಗಳ ಪಕ್ಕದಲ್ಲೇ ಮರಿ ವೈಟ್ ಶಾರ್ಕ್‌ಗಳು ಸುಮ್ನೆ ಹಾದುಹೋಗುವುದು ಮತ್ತೆ ಮತ್ತೆ ಕಂಡಿದೆ. ಆದರೆ ದೊಡ್ಡ ಹೆಣ್ಣು ಶಾರ್ಕ್ ನಾಲ್ಕೂವರೆ, ಐದು ಮೀಟರ್ ಇರುತ್ತದೆ. ಅದು ಒಂದೇ ಸಲ ಕಚ್ಚಿ ಬಿಟ್ಟುಹೋದರೂ ರಕ್ತ ಸುರಿದು ಜೀವ ಹೋಗಬಹುದು.

ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ನಿಂತು ನೀರು ನೋಡಿ. ಹಕ್ಕಿಗಳು ಒಂದೇ ಕಡೆ ಮುಳುಗಿ ಏಳುತ್ತಿವೆಯೇ, ಮೀನಿನ ಹಿಂಡು ನೀರು ಕುದಿಯುವ ಹಾಗೆ ಚಡಪಡಿಸುತ್ತಿದೆಯೇ, ಸೀಲ್‌ಗಳು ಗಾಬರಿಯಾಗಿ ದಡದ ಕಡೆ ಓಡುತ್ತಿವೆಯೇ, ಎಲ್ಲಾದರೂ ಸತ್ತ ತಿಮಿಂಗಿಲ ತೇಲುತ್ತಿದೆಯೇ? ಹಾಗಿದ್ದರೆ ಅವತ್ತು ಬೇಡ. ಮುಂಜಾನೆ, ಮುಸ್ಸಂಜೆ, ಕದಡಿದ ನೀರು, ಒಬ್ಬರೇ ಇಳಿಯುವುದು, ಇವೂ ಬೇಡ. ಕೇಪ್‌ಟೌನ್‌ನ ಮ್ಯೂಸನ್‌ಬರ್ಗ್‌ನಲ್ಲಿ 2004ರಿಂದ ಬೆಟ್ಟದ ಮೇಲೆ ಕೂತು ಶಾರ್ಕ್ ಬರುತ್ತದೆಯೇ ಅಂತ ಕಾವಲಿರುವವರಿದ್ದಾರೆ. ಅಲ್ಲಿ ಹಾರಿಸುವ ಹಸಿರು ಬಾವುಟ ಅಂದರೆ ಶಾರ್ಕ್ ಇಲ್ಲ ಅಂತ ಅಲ್ಲ. ನೀರು ತಿಳಿಯಾಗಿದೆ, ಸದ್ಯಕ್ಕೆ ಯಾವುದೂ ಕಂಡಿಲ್ಲ ಅಂತ ಅಷ್ಟೇ. ಕಪ್ಪು ಬಾವುಟ ಅಂದರೆ ಅವರಿಗೇ ಸರಿಯಾಗಿ ಕಾಣುತ್ತಿಲ್ಲ. ಬಿಳಿ ಬಾವುಟದ ಮೇಲೆ ಕಪ್ಪು ಶಾರ್ಕ್ ಇದ್ದು ಸೈರನ್ ಕೇಳಿದರೆ ತಕ್ಷಣ ಹೊರಗೆ ಬನ್ನಿ.

ಸರ್ಫ್ ಮಾಡುವಾಗ ಶಾರ್ಕ್ ಕಂಡರೆ ಕೈಕಾಲು ಬೋರ್ಡ್ ಮೇಲೆ ಎಳೆದುಕೊಳ್ಳಿ, ಪಕ್ಕದವರಿಗೆ ಕೂಗಿ ಹೇಳಿ. ಆಮೇಲೆ ನೀರು ಎರಚದೆ, ಒಂದೇ ಸಮ ಕೈ ಹಾಕುತ್ತಾ ದಡಕ್ಕೆ ಬನ್ನಿ. ಡೈವರ್‌ಗಳು ಗಾಬರಿಯಾಗಿ ಮೇಲಕ್ಕೆ ಓಡಬಾರದು. ಬಂಡೆಗೆ ಬೆನ್ನು ಕೊಡಿ, ಜೊತೆಗಾರರಿದ್ದರೆ ಬೆನ್ನಿಗೆ ಬೆನ್ನು ಕೊಡಿ, ಅದು ತಿರುಗಿದ ಕಡೆ ನೀವೂ ತಿರುಗಿ. ಅದು ಪಕ್ಕದ ರೆಕ್ಕೆ ಕೆಳಗೆ ಇಳಿಸಿ, ಬೆನ್ನು ಗೂನು ಮಾಡಿ, ಬಾಯಿ ತೆರೆದು ಹಾದುಹೋದರೆ ನೀವು ಅಲ್ಲಿರುವುದು ಅದಕ್ಕೆ ಇಷ್ಟವಿಲ್ಲ ಅಂತ ತಿಳಿಯಿರಿ. ಜಾಗ ಬಿಡಿ. ಈಟಿಯಲ್ಲಿ ಹಿಡಿದ ಮೀನು ಜೊತೆಗಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡಿ.

ಮೈಮೇಲೆ ಬಂದರೆ ಕಣ್ಣಿಗೆ, ಕಿವಿರಿಗೆ ಹೊಡೆಯಿರಿ. ಮೂತಿಗೆ ಹೊಡೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಕೈ ಜಾರಿದರೆ ಕೆಳಗೆ ಹಲ್ಲು ಇದೆ ಅಲ್ವಾ? ಕೈಗಿಂತ ಬೋರ್ಡ್, ಕ್ಯಾಮೆರಾ, ಏನು ಸಿಕ್ಕರೂ ಅದನ್ನೇ ಮಧ್ಯೆ ಹಿಡಿಯಿರಿ. 2015ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದ ಜೆಫ್ರೀಸ್ ಬೇ ಸರ್ಫಿಂಗ್ ಸ್ಪರ್ಧೆಯ ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಸರ್ಫರ್ ಮಿಕ್ ಫ್ಯಾನಿಂಗ್ ಹೊಡೆದಾಡಿಯೇ ಗಾಯವಿಲ್ಲದೆ ಹೊರಗೆ ಬಂದರು.

ಕಚ್ಚಿಬಿಟ್ಟರೆ ರಕ್ತ ನಿಲ್ಲಿಸುವುದೇ ಮೊದಲ ಕೆಲಸ. ಕಾಲಿಗೆ ಕಚ್ಚಿದ್ದರೆ, ತೊಡೆ ಸೇರುವ ಮಡಿಕೆಯ ನಡುವೆ, ಅಂದರೆ ಸೊಂಟದ ಮೂಳೆಗೂ ಗುಪ್ತಾಂಗಕ್ಕೂ ಮಧ್ಯದಲ್ಲಿ, ಮುಷ್ಟಿ ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ನಿಮ್ಮ ಇಡೀ ಭಾರ ಹಾಕಿ ಒತ್ತಿ. ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷೆ ಮಾಡಿದಾಗ, ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಬಿಗಿದು ಕಟ್ಟಿದ್ದಕ್ಕಿಂತ ಚೆನ್ನಾಗಿ ರಕ್ತ ನಿಂತಿತು. ಇನ್ನೊಬ್ಬರು ಸಹಾಯಕ್ಕೆ ಫೋನ್ ಮಾಡಲಿ. ಟೂರ್ನಿಕೆಟ್ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ) ಇದ್ದರೆ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಕೀಲಿನ ಮೇಲೆ ಅಲ್ಲ, ರಕ್ತ ನಿಲ್ಲುವವರೆಗೆ ಬಿಗಿಯಿರಿ. ಕಟ್ಟಿದ ಹೊತ್ತು ಬರೆದಿಡಿ, ಆಸ್ಪತ್ರೆ ತಲುಪುವವರೆಗೆ ಸಡಿಲ ಮಾಡಬೇಡಿ.

ಒಬ್ಬ ಗೆಳೆಯನನ್ನು ಮರಳಿನ ಮೇಲೆ ಮಲಗಿಸಿ ಇದನ್ನು ಒಮ್ಮೆ ಮೆಲ್ಲಗೆ ಅಭ್ಯಾಸ ಮಾಡಿ. ಒಂದು ಕೈ ಪಾದದ ನಾಡಿಯ ಮೇಲೆ ಇರಲಿ. ನನ್ನ ಬೆರಳ ಕೆಳಗೆ ಆ ಮಿಡಿತ ನಿಂತದ್ದು ಗೊತ್ತಾದಾಗಲೇ, ಮುಷ್ಟಿ ಎಲ್ಲಿರಬೇಕು, ಎಷ್ಟು ಒತ್ತಬೇಕು ಅಂತ ನನಗೆ ಅರ್ಥವಾಗಿದ್ದು. ನಾಡಿ ನಿಂತ ಕೂಡಲೇ ಕೈ ತೆಗೆಯಿರಿ.