ಗಟ್ಟಿಯಾದ ವ್ಯಾಕ್ಸ್ ಪಾಲಿಷ್ ಮೆದು ಮಾಡಿಕೊಂಡ ಬಗೆ

ಡಬ್ಬಿ ಅಲ್ಲಾಡಿಸಿದರೆ ಒಳಗೆ ಲಟಲಟ ಸದ್ದು. ಮುಚ್ಚಳ ತೆಗೆದರೆ ಮೇಣ ಅಂಚು ಬಿಟ್ಟು ಕುಗ್ಗಿದೆ, ನಡುವೆ ಬಿರುಕು. ಉಗುರು ಊರಿದರೆ ಪುಡಿ ಏಳುತ್ತದೆ. ತುಮಕೂರಿನಲ್ಲಿ ಹಳೇ ಮರದ ಸಾಮಾನು ಪಾಲಿಷ್ ಮಾಡುವ ನನ್ನಂಥವರ ಹತ್ತಿರ ಬೇಸಿಗೆ ಮುಗಿಯೋ ಹೊತ್ತಿಗೆ ಇಂಥದ್ದೊಂದು ಡಬ್ಬಿ ಇದ್ದೇ ಇರುತ್ತದೆ. ಬಹಳ ಜನ ಎಸೆದುಬಿಡುತ್ತಾರೆ. ನಾನು ಎಸೆಯಲ್ಲ.

ಯಾಕಂದ್ರೆ ಮೇಣ ಎಲ್ಲೂ ಹೋಗಿಲ್ಲ. ಪೇಸ್ಟ್ ವ್ಯಾಕ್ಸ್‌ನಲ್ಲಿ ಇರೋದು ಜೇನುಮೇಣ, ಕಾರ್ನೌಬಾ ಥರದ ಗಟ್ಟಿ ಮೇಣ, ಅದನ್ನು ಮೆತ್ತಗಿಡೋಕೆ ಟರ್ಪೆಂಟೈನ್. ಮುಚ್ಚಳ ಸಡಿಲವಾದರೆ ಟರ್ಪೆಂಟೈನ್ ಆವಿಯಾಗುತ್ತದೆ, ಮೇಣ ಹಾಗೇ ಉಳಿಯುತ್ತದೆ. ಹೋದದ್ದನ್ನು ವಾಪಸ್ ಹಾಕಿದರೆ ಆಯ್ತು. ಒಣಗಿದ್ದನ್ನೇ ತಿಕ್ಕಿ ಹಚ್ಚುತ್ತೀನಿ ಅಂದರೆ ಅದರ ಚೂರು ಮರದ ರಂಧ್ರಗಳಲ್ಲಿ ಬಿಳಿ ಚುಕ್ಕೆಗಳಾಗಿ ಕೂರುತ್ತದೆ. ಹಲಸಿನ ಮರದಲ್ಲಂತೂ ಎದ್ದು ಕಾಣುತ್ತದೆ. ಹೊಸದರಲ್ಲಿ ಹಳದಿ ಇದ್ದ ಆ ಮರ ವರ್ಷ ಕಳೆದಂತೆ ಕಂದು ತಿರುಗಿರುತ್ತಲ್ಲ, ಬಿಳಿ ಬಿದ್ದರೆ ಮುಚ್ಚೋಕೆ ಆಗಲ್ಲ.

ಮೊದಲು ಡಬ್ಬಿ ಮೇಲಿನ ಬರಹ ಓದಿಕೊಳ್ಳುತ್ತೇನೆ. ನೀರು ಬೆರೆಸಿ ಮಾಡಿದ ಪಾಲಿಷ್‌ಗೆ ಈ ಉಪಾಯ ನಡೆಯಲ್ಲ. ಆಮೇಲೆ ಮಂಡಿಪೇಟೆ ಕಡೆ ಹೋದಾಗ ಪೇಂಟ್ ಅಂಗಡಿಯಲ್ಲಿ ಮಿನರಲ್ ಟರ್ಪೆಂಟೈನ್ ಅಂತಲೇ ಬಿಡಿಸಿ ಕೇಳುತ್ತೇನೆ. ಸುಮ್ನೆ ‘ಥಿನ್ನರ್’ ಅಂದರೆ ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳ್ಳಗೆ ಮಾಡೋ ದ್ರಾವಕ) ಕೊಟ್ಟರೂ ಕೊಟ್ಟರೇ. ಅದು ಮರದ ಮೇಲಿನ ಹಳೇ ಅರಗಿನ ಪಾಲಿಷನ್ನೇ ಕರಗಿಸಿಬಿಡುತ್ತದೆ. ಟರ್ಪೆಂಟೈನ್ ಅರಗಿನ ತಂಟೆಗೆ ಹೋಗಲ್ಲ.

ನನಗೆ ಇಷ್ಟವಾದದ್ದು ಬಿಸಿ ಮಾಡದ ದಾರಿ. ಒಣಗಿದ ಮೇಣದ ಬಿಲ್ಲೆಯನ್ನು ಹಳೇ ಚಾಕುವಿನಿಂದ ತೆಳ್ಳಗೆ ಹೆರೆದು ಗಾಜಿನ ಬಾಟಲಿಗೆ ಹಾಕುತ್ತೇನೆ. ದಪ್ಪ ತುಂಡು ಬಿಟ್ಟರೆ ಹೊರಗೆ ಮೆತ್ತಗಾಗಿ ಒಳಗೆ ಗಂಟು ಉಳಿಯುತ್ತದೆ. ಮೇಲೆ ಒಂದೆರಡು ಚಮಚ ಟರ್ಪೆಂಟೈನ್, ಬರೀ ಒದ್ದೆಯಾಗುವಷ್ಟು. ಮುಚ್ಚಳ ಬಿಗಿದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಹೆರೆದ ಚೂರುಗಳ ಅಂಚು ಮಸುಕು ಬಿಟ್ಟು ಮಿಂಚುತ್ತಿರುತ್ತದೆ. ಚಮಚದ ಹಿಂಭಾಗದಿಂದ ಬಾಟಲಿಯ ಒಳಗೋಡೆಗೆ ಒತ್ತಿದರೆ ಮೇಣ ಸವರಿದ ಹಾಗೆ ಹರಡಬೇಕು. ನಡುವೆ ಬಿಳಿ ಕಾಳು ಕಂಡರೆ ಮೇಣ ಇನ್ನೂ ಟರ್ಪೆಂಟೈನ್ ಕುಡಿಯಬೇಕು ಅಂತ. ಮತ್ತೆ ಸ್ವಲ್ಪ ಹಾಕಿ, ಮತ್ತೆ ಬಿಡಬೇಕು. ಕೊನೆಗೆ ಅದು ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತಾದ ಬೆಣ್ಣೆಯಂತೆ ಇರಬೇಕು. ಜಾಸ್ತಿ ನೀರಾಗಿಬಿಟ್ಟರೂ ಗಾಬರಿ ಬೇಡ. ಗಾಳಿ ಆಡುವ ಕಡೆ ಮುಚ್ಚಳ ತೆಗೆದಿಟ್ಟರೆ ಹೆಚ್ಚಾದದ್ದು ಹೋಗುತ್ತದೆ.

ಗಿರಾಕಿ ಆತುರ ಮಾಡಿದರೆ ಬಿಸಿನೀರು. ಇಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಟರ್ಪೆಂಟೈನ್ ಆವಿ 35ರಿಂದ 40 ಡಿಗ್ರಿಯಷ್ಟು ಬಿಸಿಗೇ ಕಿಡಿ ಸಿಕ್ಕರೆ ಹೊತ್ತಿಕೊಳ್ಳಬಲ್ಲದು. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೂ ಅದಕ್ಕೂ ಎಷ್ಟು ದೂರ ಹೇಳಿ? ಹಾಗಾಗಿ ಗ್ಯಾಸ್ ಒಲೆ ಹತ್ತಿರಕ್ಕೂ ತರಲ್ಲ. ನೀರನ್ನು ಬೇರೆ ಕಡೆ ಕಾಯಿಸಿ, ಬೇಸಿನ್‌ಗೆ ಸುರಿದು, ಹೊರಗೆ ಜಗಲಿ ಮೇಲೆ ತಂದಿಟ್ಟು ಅದರಲ್ಲಿ ತಗಡಿನ ಡಬ್ಬಿ ಕೂರಿಸುತ್ತೇನೆ. ಮುಚ್ಚಳ ತೆಗೆದೇ ಇರಬೇಕು. ಅಂಗಡಿ ಪೂಜೆಯ ದೀಪ, ಊದುಬತ್ತಿ ಎಲ್ಲ ಅಷ್ಟು ಹೊತ್ತು ಬಂದ್. ಜೇನುಮೇಣ 62–64 ಡಿಗ್ರಿಗೆ ಕರಗುತ್ತದೆ, ಬೇಗ ಕೆಲಸ ಆಗುತ್ತದೆ. ಕಾರ್ನೌಬಾಗೆ 80 ದಾಟಬೇಕು, ಅದಕ್ಕೇ ಅದು ಜಾಸ್ತಿ ಇರುವ ಡಬ್ಬಿಗೆ ನೀರು ಬದಲಾಯಿಸುತ್ತಿರಬೇಕು. ಪೂರ್ತಿ ಕರಗಲೇಬೇಕು ಅಂತಿಲ್ಲ, ಮೆತ್ತಗಾದರೆ ಕಲಸಿ ಸರಿಮಾಡಬಹುದು. ಕರಗಿಸಿದರೆ ಆರುವ ತನಕ ಕಡ್ಡಿಯಿಂದ ತಿರುಗಿಸುತ್ತಿರಿ, ಇಲ್ಲದಿದ್ದರೆ ತರಿತರಿಯಾಗುತ್ತದೆ.

ಪರೀಕ್ಷೆ ಯಾವಾಗಲೂ ಡ್ರಾಯರ್‌ನ ಒಳಗಡೆ ಅಥವಾ ಮೇಜಿನ ತಳದಲ್ಲಿ. ತೆಳ್ಳಗೆ ಹಚ್ಚಿ, ಹೊಳಪು ಮಸುಕಾಗುವ ತನಕ ಬಿಟ್ಟು, ಹಳೇ ಕಾಟನ್ ಪಂಚೆಯಿಂದ ತಿಕ್ಕುತ್ತೇನೆ. ಗೆರೆ ಉಳಿದರೆ ಹಚ್ಚಿದ್ದು ದಪ್ಪವಾಯಿತು ಅಂತ, ಮೇಣದ ತಪ್ಪಲ್ಲ.

ಇನ್ನು ಅದೇ ತಗಡಿನ ಡಬ್ಬಿಗೆ ವಾಪಸ್ ತುಂಬುವುದರಲ್ಲಿ ಅರ್ಥವಿಲ್ಲ, ಅದು ಸೋರಿದ್ದಕ್ಕೇ ತಾನೆ ಇಷ್ಟೆಲ್ಲ. ಬಿಗಿ ಮುಚ್ಚಳದ ಉಪ್ಪಿನಕಾಯಿ ಬಾಟಲಿ ಸಾಕು, ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಬಳಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ, ಹೊರಗೆ ತಂತಿ ಮೇಲೆ ಹರವಿ ಒಣಗಿಸಿ. ಪಾಲಿಷ್‌ನಲ್ಲಿ ಅಗಸೆ ಎಣ್ಣೆ ಬೆರೆತಿದ್ದರೆ ಆ ಮುದ್ದೆ ಬೆಂಕಿ ಸೋಕದೆಯೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು.