ಹೊಂಗೆ ಸಸಿಯ ಪಕ್ಕದಲ್ಲೊಂದು ಗಡಿಗೆ

ನಮ್ಮ ಓಣಿಯಲ್ಲಿ ಪ್ರತಿ ವರ್ಷ ಜೂನ್ 5ಕ್ಕೆ, ಪರಿಸರ ದಿನ ಅಂತ, ಒಂದು ಸಣ್ಣ ಜಾತ್ರೆ ಆಗುತ್ತದೆ. ಹುಡುಗರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಾರೆ. ಒಂದು ಸಸಿಗೆ ಎಂಟು ಮಂದಿ ಕೈ ಹಚ್ಚಿ ಫೋಟೋ ತೆಗೆಸಿಕೊಳ್ಳುತ್ತಾರೆ, ಒಂದು ಚೊಂಬು ನೀರು ಹಾಕಿ ಹೋಗುತ್ತಾರೆ. ಆ ಹೊತ್ತಿಗೆ ರಾಯಚೂರಿನ ನೆಲ ಇನ್ನೂ ಕಾದ ಹಂಚು. ಹೋದ ವರ್ಷ ನೆಟ್ಟ ಆರರಲ್ಲಿ ಐದು ದೀಪಾವಳಿ ಕಾಣಲಿಲ್ಲ. ಒಣಗಿದ್ದನ್ನು ಕಿತ್ತು ನೋಡಿದೆ. ಎರಡಕ್ಕೆ ಬೇರಿನ ಸುತ್ತ ಕರಿ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ಇದನ್ನು ನೋಡಿಯೂ ಸುಮ್ನೆ ಕೂರುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಾವ ಮರ ಅನ್ನುವುದು. ಎಲ್ಲರಿಗೂ ಗುಲ್‌ಮೊಹರ್ ಬೇಕು, ಕೆಂಪು ಹೂವು ಚಂದ ಅಂತ. ಹೂವು ಚಂದವೇ, ಯಾರು ಬೇಡ ಅಂದರು? ಆದರೆ ಏಪ್ರಿಲ್‌ನಲ್ಲಿ, ನೆರಳು ಬೇಕೇಬೇಕು ಅನ್ನುವಾಗ, ಅದು ಎಲೆ ಉದುರಿಸಿ ಬೋಳಾಗಿ ನಿಂತಿರುತ್ತದೆ. ಆಷಾಢದ ಗಾಳಿಗೆ ಕೊಂಬೆ ಪಟಪಟ ಮುರಿಯುತ್ತವೆ. ಈಚೆಗೆ ಕೊನೊಕಾರ್ಪಸ್ ಅಂತ ಇನ್ನೊಂದು ಬಂದಿದೆ. ವರ್ಷವಿಡೀ ಹಸಿರು, ಬೇಗ ಬೆಳೆಯುತ್ತದೆ ಅಂತ ನರ್ಸರಿಯವರು ಮಾರುತ್ತಾರೆ. ಗುಜರಾತಿನಲ್ಲಿ 2023ರಲ್ಲಿ ಸರ್ಕಾರವೇ ಅದನ್ನು ನೆಡಬೇಡಿ ಅಂತ ಆದೇಶ ಹೊರಡಿಸಿತು. ನಮ್ಮವರು ಇನ್ನೂ ದುಡ್ಡು ಕೊಟ್ಟು ತರುತ್ತಿದ್ದಾರೆ.

ನನ್ನ ಮಾತು ಕೇಳುವುದಾದರೆ ಹೊಂಗೆ ಹಾಕಿ. ಶಿವರಾತ್ರಿ ಆಚೆ ಈಚೆ ಎಲೆ ಉದುರಿಸುತ್ತದೆ, ಯುಗಾದಿ ಹೊತ್ತಿಗೆ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಚಿಗುರು ಬಂದಿರುತ್ತದೆ. ಹಿಂದೆಯೇ ಹೂವು. ಬಿಳಿ ಅಂದರೆ ಬಿಳಿಯಲ್ಲ, ಗುಲಾಬಿ ಅಂದರೆ ಗುಲಾಬಿಯಲ್ಲ, ನಸು ನೇರಳೆ ಬಣ್ಣ. ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಅಕ್ಕಿ ಚೆಲ್ಲಿದಂತೆ ಬಿದ್ದಿರುತ್ತದೆ. ಬಿಸಿಲು 42, 43ಕ್ಕೆ ಏರಿದಾಗ ಅದರ ನೆರಳು ದಟ್ಟವಾಗಿರುತ್ತದೆ. ನಮಗೆ ಬೇಕಾದದ್ದು ಅದೇ ಅಲ್ವಾ?

ಮನೆಯ ಪಡುವಣ ದಿಕ್ಕಿಗೆ ಹಾಕಿ. ಮಧ್ಯಾಹ್ನ ಮೂರರ ಬಿಸಿಲು ಗೋಡೆಗೆ ಬಡಿಯುವ ಕಡೆ. ಗೋಡೆಯಿಂದ ಹತ್ತು ಹನ್ನೆರಡು ಹೆಜ್ಜೆ ದೂರ ಇರಲಿ. ನೆಡುವ ಮುಂಚೆ ತಲೆ ಎತ್ತಿ ನೋಡಿ, ಮೇಲೆ ಕರೆಂಟಿನ ತಂತಿ ಇದ್ದರೆ ಜಾಗ ಬದಲಿಸಿ. ಸಸಿ ಮೊಣಕಾಲುದ್ದ ಇದ್ದರೆ ಸಾಕು. ಆಳೆತ್ತರದ್ದು ಸಿಕ್ಕಿತು ಅಂತ ಹಿಗ್ಗಬೇಡಿ. ಚೀಲದಲ್ಲೇ ವರ್ಷಗಟ್ಟಲೆ ನಿಂತದ್ದಕ್ಕೆ ತಾಯಿಬೇರು ಕೆಳಗೆ ಚಕ್ಕುಲಿ ಸುತ್ತಿಕೊಂಡಿರುತ್ತದೆ. ಬಿದ್ದ ಕಾಯಿ ಒಡೆದು, ಬೀಜ ರಾತ್ರಿ ನೆನೆಸಿ ಮಣ್ಣಿಗೆ ಹಾಕಿದರೂ ಸರಿ, ಎರಡು ವಾರಕ್ಕೆ ತಲೆ ಎತ್ತುತ್ತದೆ. ಗುಂಡಿಯನ್ನು ಬೇಸಿಗೆಯಲ್ಲೇ ತೋಡಿ ಬಿಸಿಲಿಗೆ ಬಿಡಿ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಒಂದು ಬೊಗಸೆ ಹೊಂಗೆ ಹಿಂಡಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲಿಗೆ ನೀವೇ ಊಟಕ್ಕೆ ಕರೆದಂತೆ. ಮಿರಗದ (ಮೃಗಶಿರಾ) ಮಳೆ ಒಂದೆರಡು ಸಲ ನೆಲ ನೆನೆಸಲಿ, ಆಮೇಲೆ ನೆಡಿ. ನೆಡುವುದು ಹೇಗೆ ಅಂತ ಹೇಳುವುದಿಲ್ಲ. ಚೀಲ ಹರಿಯಬೇಕು ಅಂತ ಮಾತ್ರ ಇನ್ನೊಂದು ಸಲ ಹೇಳುತ್ತೇನೆ.

ಈಗ ಗಡಿಗೆ ವಿಚಾರ. ಇದನ್ನು ಹೇಳಿದರೆ ನನ್ನ ಸೊಸೆಯೂ ನಗುತ್ತಾಳೆ. ನಗಲಿ.

ದಿನಾ ಒಂದು ಚೊಂಬು ನೀರು ಮೇಲೆ ಮೇಲೆ ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಎರಡು ದಿನ ಊರಿಗೆ ಹೋದಿರೋ, ಸಸಿಯ ಕತೆ ಮುಗಿಯಿತು. ಬೇರು ಕೆಳಗಿಳಿಯಬೇಕಾದರೆ ನೀರು ಕೆಳಗೆ ಸಿಗಬೇಕು. ಅದಕ್ಕೆ ಸಸಿಯ ಪಕ್ಕ ಒಂದು ಗೇಣು ಬಿಟ್ಟು ಮಣ್ಣಿನ ಗಡಿಗೆ ಹೂಳಬೇಕು. ಒಂದು ಕೊಡ ನೀರು ಹಿಡಿಯುವಂಥದ್ದು. ಕುತ್ತಿಗೆ ಮಾತ್ರ ಮೇಲೆ ಕಾಣಬೇಕು. ಮಣ್ಣು ಒಣಗಿದಾಗ ಗಡಿಗೆಯಿಂದ ನೀರು ಎಳೆದುಕೊಳ್ಳುತ್ತದೆ, ಹಸಿ ಇದ್ದಾಗ ಸುಮ್ಮನಿರುತ್ತದೆ. ಎಷ್ಟು ಬೇಕು ಅನ್ನುವುದು ನಮಗಿಂತ ಮಣ್ಣಿಗೇ ಚೆನ್ನಾಗಿ ಗೊತ್ತು.

ಆದರೆ ಎಲ್ಲ ಗಡಿಗೆಯೂ ಬರುವುದಿಲ್ಲ. ಬಣ್ಣ ಬಳಿದದ್ದು ಬೇಡ, ಹೊಳಪು ಕೊಟ್ಟದ್ದು ಬೇಡ. ಸಂಜೆ ನೀರು ತುಂಬಿ ಒಣ ಪರಸಿ ಕಲ್ಲಿನ ಮೇಲೆ ಇಡಿ. ಬೆಳಿಗ್ಗೆ ಅಂಗೈ ಹಚ್ಚಿ ನೋಡಿ. ಮೈಯೆಲ್ಲ ಬೆವರಿರಬೇಕು. ಎತ್ತಿದರೆ ಕಲ್ಲಿನ ಮೇಲೆ ದುಂಡಗೆ ಪಸೆ ಕಾಣಬೇಕು. ನೀರು ಹರಿದು ಹೋಗಿದ್ದರೆ ಗಡಿಗೆ ಬಿರಿದಿದೆ. ಮೈ ಒಣಗಿದ್ದರೆ ಅದು ಕುರುಡು ಗಡಿಗೆ, ವಾಪಸ್ ಕೊಟ್ಟುಬಿಡಿ. ನಾನು ಮೊದಲ ಸಲ ಹೂತದ್ದು ಉಪ್ಪಿನಕಾಯಿ ಇಟ್ಟಿದ್ದ ಹಳೇ ಗಡಿಗೆ. ಸುಮ್ನೆ ಯಾಕೆ ಹೊಸದು ಅಂತ ಜಿಪುಣತನ. ಎಣ್ಣೆ ಕುಡಿದ ಮಣ್ಣು ನೀರು ಬಿಡುತ್ತದೆಯೇ? ಗಡಿಗೆ ತುಂಬ ನೀರಿತ್ತು, ಪಕ್ಕದಲ್ಲೇ ಸಸಿ ಒಣಗಿ ನಿಂತಿತ್ತು. ನಮ್ಮ ಅತ್ತೆ ಏನೂ ಅನ್ನಲಿಲ್ಲ. ಗಡಿಗೆ ಕಿತ್ತು ತಂದು ನನ್ನ ಮುಂದೆ ಇಟ್ಟು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಡಿಗೆ ಅಂದ ಮೇಲೆ ನೆನಪಾಯಿತು. ಕುಡಿಯುವ ನೀರಿನ ಗಡಿಗೆಗೆ ಸೋಪು ಹಾಕಿ ತಿಕ್ಕುವ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಸೋಪನ್ನು ಮಣ್ಣು ಕುಡಿಯುತ್ತದೆ, ಆಮೇಲೆ ನೀವು ಕುಡಿಯುತ್ತೀರಿ. ತೆಂಗಿನ ನಾರು, ಬಿಸಿನೀರು, ಒಂದು ಚಿಟಿಕೆ ಉಪ್ಪು. ಅಷ್ಟೇ.

ಹೂಳುವಾಗ ಎರೆ, ಅಂದರೆ ಕಪ್ಪು ಮಣ್ಣಿನ ನೆಲವಾದರೆ ಇನ್ನೊಂದು ಎಚ್ಚರಿಕೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ನಡುವೆ ಸಿಕ್ಕ ಗಡಿಗೆ ಒಡೆಯುತ್ತದೆ. ಅದಕ್ಕೆ ಗಡಿಗೆಯ ಸುತ್ತ ಒಂದು ಗೇಣು ಮಸಾರಿ, ಅಂದರೆ ಕೆಂಪು ಮಣ್ಣು, ಉಸುಕು ಬೆರೆಸಿ ತುಂಬಿ. ತುಂಬುತ್ತಾ ತುಂಬುತ್ತಾ ಒತ್ತಬೇಕು. ಮಣ್ಣು ಗಡಿಗೆಯ ಮೈಗೆ ಅಂಟಿರಬೇಕು. ನಡುವೆ ಸಂದು ಬಿಟ್ಟರೆ ನೀರು ದಾಟುವುದಿಲ್ಲ. ನಾನಂತೂ ಮಸಾರಿಯನ್ನು ಕಲಸಿ, ಹೋಳಿಗೆಯ ಕಣಕದಷ್ಟು ಮೆತ್ತಗೆ ಮಾಡಿ, ಗಡಿಗೆಯ ಮೈಗೆ ಬಳಿದೇ ಹೂಳುತ್ತೇನೆ. ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿ. ಮುಚ್ಚದೇ ಬಿಟ್ಟು ಸೊಳ್ಳೆ ಸಾಕಿದರೆ ಓಣಿಯವರು ನನ್ನನ್ನು ಬೈಯುತ್ತಾರೆ.

ಬೇಸಿಗೆಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಕಲ್ಲು ಸರಿಸಿ ನೋಡಿ ತುಂಬಿದರಾಯಿತು. ಬೋರಿನ ಸವಳು ನೀರು ಆದಷ್ಟು ಬೇಡ. ಉಪ್ಪು ಕಟ್ಟಿ ಗಡಿಗೆಯ ಕಣ್ಣೆಲ್ಲ ಮುಚ್ಚುತ್ತದೆ. ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ ಇಟ್ಟುಕೊಂಡು ನಾವು ಬೋರಿಗೆ ಬಿದ್ದಿದ್ದೇವೆ, ಅದು ಬೇರೆ ಮಾತು. ನಲ್ಲಿ ನೀರು ಬಂದ ದಿನ ಮೊದಲ ಕೊಡ ಗಡಿಗೆಗೆ. ಎರಡನೇ ವರ್ಷ ಇನ್ನೊಂದು ಗಡಿಗೆ, ಎದುರು ಬದಿಗೆ, ಸ್ವಲ್ಪ ದೂರಕ್ಕೆ. ಬೇರು ಅದನ್ನು ಹುಡುಕಿಕೊಂಡು ಹೋಗಲಿ.

ಉಳಿದದ್ದು ಹೆಚ್ಚೇನಿಲ್ಲ. ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಒಟ್ಟಿ, ದನ ಬಂದು ಮೈ ತಿಕ್ಕದ ಹಾಗೆ. ಕೆಳಗಿನ ಕೊಂಬೆಗಳನ್ನು ಒಂದೇ ಸಲ ಸವರಿ ಕೋಲು ಮಾಡಬೇಡಿ. ವರ್ಷಕ್ಕೆ ಒಂದೆರಡು ತೆಗೆಯಿರಿ, ಅದೂ ಬಿಸಿಲು ಏರುವ ಕಾಲದಲ್ಲಲ್ಲ. ಎಲೆ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದರೆ ಔಷಧಿ ಅಂಗಡಿಗೆ ಓಡಬೇಡಿ. ಕಣ್ಣಿಗೆ ಕಾಣದ ನುಸಿ ಮಾಡುವ ಕೆಲಸ ಅದು, ನೋಡಲು ಅಸಹ್ಯ, ಮರಕ್ಕೆ ಅಂಥ ಕೇಡಿಲ್ಲ. ಉದುರಿದ ಎಲೆಗೆ ಬೆಂಕಿ ಹಚ್ಚುವವರನ್ನು ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ. ಬುಡಕ್ಕೇ ಗುಡಿಸಿ ಹಾಕಿ, ಅದೇ ಗೊಬ್ಬರ.

ನಮ್ಮ ಅಂಗಳದ ಹೊಂಗೆಗೆ ಈಗ ನನ್ನ ಎರಡೂ ತೋಳು ಸಾಲುವುದಿಲ್ಲ. ಐದನೇ ವರ್ಷ ಗಡಿಗೆ ತೆಗೆಯೋಣ ಅಂತ ಅಗೆದೆ. ಬರಲಿಲ್ಲ. ಬೇರು ಸಿಂಬೆ ಸುತ್ತಿದ ಹಾಗೆ ಅದನ್ನು ಸುತ್ತಿಕೊಂಡಿತ್ತು. ಅಲ್ಲೇ ಬಿಟ್ಟು ಮಣ್ಣು ಮುಚ್ಚಿ, ಮೇಲೆ ಹೊರಸು ಹಾಕಿದೆ. ಬೇಸಿಗೆ ಮಧ್ಯಾಹ್ನ ನಾನು ಮಲಗುವುದು ಅಲ್ಲೇ. ಮೊನ್ನೆ ಮೊಮ್ಮಗ ಬಂದು, ಅಜ್ಜಿ, ಬುಡದ ತನಕ ಟೈಲ್ಸ್ ಹಾಕಿಸೋಣ, ಕಸ ಆಗಲ್ಲ ಅಂದ. ಅವತ್ತು ಅವನಿಗೆ ಎರಡನೇ ಚಹಾ ಸಿಗಲಿಲ್ಲ.