ಮೀನಿನ ಸೋನಾರ್ ಸಮೀಕ್ಷೆ: ಪೈಪು, ದಾರ, ಗುಂಡು ಎಂಥದ್ದಿರಬೇಕು

ವಾಣಿವಿಲಾಸ ಸಾಗರದಲ್ಲೋ ಸೂಳೆಕೆರೆಯಲ್ಲೋ ಸೋನಾರ್ (ನೀರಿಗೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಯಂತ್ರ) ಇಳಿಸಿ ಮೀನಿನ ಅಂದಾಜು ಮಾಡುವಾಗ ಲೆಕ್ಕ ಕೆಡಿಸುವ ದೊಡ್ಡ ಶತ್ರು, ಸಾಮಾನಿನೊಳಗೆ ಸಿಕ್ಕಿಕೊಂಡ ಗಾಳಿ. ಕಾಟ್ಲಾ, ರೋಹು ಮೀನಿನ ಪ್ರತಿಧ್ವನಿಯ ಬಹುಪಾಲು ಬರುವುದೇ ಹೊಟ್ಟೆಯೊಳಗಿನ ಗಾಳಿಚೀಲದಿಂದ. ಹಾಗಾಗಿ ಬಲೆಯ ಥರ್ಮಾಕೋಲ್ ಚೂರೂ ಪರದೆಯ ಮೇಲೆ ಮೀನಿನಂತೆಯೇ ಮೂಡುತ್ತದೆ.

ವಸ್ತುವಿನ ಸಾಂದ್ರತೆಯನ್ನು ಅದರೊಳಗಿನ ಶಬ್ದವೇಗದಿಂದ ಗುಣಿಸಿ. ಈ ಗುಣಲಬ್ಧ ನೀರಿನದಕ್ಕಿಂತ ಎಷ್ಟು ದೂರವೋ ಪ್ರತಿಫಲನ ಅಷ್ಟು ಜೋರು. ಅಕ್ರಿಲಿಕ್ ನೀರಿನ ಸುಮಾರು 2 ಪಟ್ಟು, ಅಲ್ಯೂಮಿನಿಯಂ 11, ಉಕ್ಕು 30. ಗಾಳಿಯದು ನೀರಿನ ಮೂರೂವರೆ ಸಾವಿರದಲ್ಲೊಂದು ಪಾಲು.

ಟ್ರಾನ್ಸ್‌ಡ್ಯೂಸರನ್ನು, ಅಂದರೆ ಶಬ್ದ ಬಿಟ್ಟು ಪ್ರತಿಧ್ವನಿ ಹಿಡಿಯುವ ಭಾಗವನ್ನು, ದೋಣಿಯ ತಳದೊಳಗೆ ಅಂಟಿಸಬೇಡಿ. ನಡುವೆ ಫೋಮ್ ಅಥವಾ ಪ್ಲೈವುಡ್ ಇದ್ದರೆ ಸಿಗ್ನಲ್ ದಾಟುವುದೇ ಕಷ್ಟ. ಗಟ್ಟಿ ಫೈಬರ್ ಆದರೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಶಕ್ತಿ ಸೋರುತ್ತದೆ. ಪಕ್ಕಕ್ಕೆ ಜಿಐ ಪೈಪ್ ಬಿಗಿದು, ಅದರ ತುದಿಗೆ ಕಟ್ಟಿದ ಟ್ರಾನ್ಸ್‌ಡ್ಯೂಸರಿನ ಮುಖ ನೀರಿನ ಮಟ್ಟದಿಂದ 40–50 ಸೆಂ.ಮೀ. ಕೆಳಗೆ, ದೋಣಿಯ ತಳಕ್ಕಿಂತಲೂ ಕೆಳಗೆ ಬರುವಂತೆ ಇಳಿಸಿ. ಪೈಪಿಗೆ ತೂತು ಕೊರೆದು ನೀರು ತುಂಬಲು ಬಿಡಿ. ಬಿದಿರು ಅಗ್ಗ ನಿಜ, ಆದರೆ ಗಿಣ್ಣು ಗಿಣ್ಣಿನ ನಡುವೆಯೂ ಗಾಳಿ; ಬೇಡವೇ ಬೇಡ. ಕ್ಲಾಂಪಿನಡಿ ಗಟ್ಟಿ ರಬ್ಬರ್ ಹಾಕಿ, ಸ್ಪಂಜಿನಂಥದ್ದಲ್ಲ. ಮುಖವನ್ನು ಪಾತ್ರೆ ಸೋಪಿನಿಂದ ಮೆತ್ತಗೆ ತೊಳೆದು, ನೀರಿಗಿಳಿಸಿದ ಮೇಲೆ ಕಾಲು ಗಂಟೆ ಕಾಯಿರಿ.

ಇನ್ನು ಮಾಪನಾಂಕನ, ಅಂದರೆ ಪ್ರತಿಧ್ವನಿ ಎಷ್ಟೆಂದು ಗೊತ್ತಿರುವ ಗುಂಡನ್ನು ನೀರಿಗೆ ತೂಗುಬಿಟ್ಟು ಯಂತ್ರದ ಓದನ್ನು ಸರಿಹೊಂದಿಸುವುದು. ಇದನ್ನು ಬಿಟ್ಟ ಸಮೀಕ್ಷೆಯ ಅಂಕಿಗಳನ್ನು ನಂಬಲಾಗದು. 6% ಕೋಬಾಲ್ಟ್ ಇರುವ, 38.1 ಮಿ.ಮೀ. ವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಗುಂಡು ಬೇಕು. ಅದರ ಪ್ರತಿಧ್ವನಿ ಎಷ್ಟಿರಬೇಕೆಂದು ಲೆಕ್ಕ ಹಾಕಬಹುದು. ಅಂಗಡಿಯ ಬೇರಿಂಗ್ ಗುಂಡಿನ ಮಿಶ್ರಲೋಹ ಯಾವುದೆಂದೇ ಗೊತ್ತಿರುವುದಿಲ್ಲ. ಕಟ್ಟಲು ಒಂಟಿ ಎಳೆಯ ನೈಲಾನ್ ಗಾಳದ ದಾರವೇ ಸರಿ, ಹುರಿ ಮಾಡಿದ ದಾರದ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ಗಂಟು ಚಿಕ್ಕದಿರಲಿ. ಸೀಸ ಕಟ್ಟಲೇಬೇಕಾದರೆ ಗುಂಡಿಗಿಂತ ಕನಿಷ್ಠ ಒಂದು ಮೀಟರ್ ಕೆಳಗೆ. ಗುಂಡು, ಗಂಟು ಎರಡನ್ನೂ ಸೋಪು ನೀರಿನಲ್ಲಿ ಅದ್ದಿ, ಟ್ರಾನ್ಸ್‌ಡ್ಯೂಸರ್‌ನಿಂದ 5 ಮೀಟರ್‌ಗಿಂತ ಆಳಕ್ಕೆ ಬಿಡಿ. ನೀರಿನ ಉಷ್ಣತೆ ಅಳೆದು ಯಂತ್ರಕ್ಕೆ ಕೊಡಿ: ಸಿಹಿನೀರಿನಲ್ಲಿ ಶಬ್ದವೇಗ 20 ಡಿಗ್ರಿಗೆ ಸೆಕೆಂಡಿಗೆ 1482 ಮೀಟರ್, 30ಕ್ಕೆ 1509.

ಗುಂಡಿನ ಪ್ರತಿಧ್ವನಿ ಲೆಕ್ಕದ ಮೌಲ್ಯಕ್ಕಿಂತ 2 ಡೆಸಿಬೆಲ್ ಕಡಿಮೆ ಬಂದರೆ ಗೇನ್ (ಟ್ರಾನ್ಸ್‌ಡ್ಯೂಸರ್ ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತದೆಂದು ಯಂತ್ರದಲ್ಲಿ ತುಂಬಿದ ಅಂಕಿ) ಅನ್ನು 1 ಡೆಸಿಬೆಲ್ ಇಳಿಸಿ. ಯಂತ್ರ ಈ ಗೇನನ್ನು ಓದಿನಿಂದ ಕಳೆಯುತ್ತದೆ, ಹಾಗಾಗಿ ಇಳಿಸಿದರೆ ಓದು ಏರುತ್ತದೆ; ಶಬ್ದ ಹೋಗುವಾಗಲೂ ಬರುವಾಗಲೂ ಅದು ಲೆಕ್ಕಕ್ಕೆ ಸೇರುವುದರಿಂದ 1 ಇಳಿಸಿದರೆ 2 ಏರುತ್ತದೆ. ತಿದ್ದದೆ ಬಿಟ್ಟರೆ 100 ಮೀನು 63 ಆಗಿ ಕಾಣುತ್ತವೆ. ಗುಂಡು ಶಬ್ದಕಿರಣದ ನಡುವೆಯೇ ಇದ್ದರೂ ಓದು ಪಿಂಗಿನಿಂದ ಪಿಂಗಿಗೆ (ಒಂದೊಂದು ಶಬ್ದದ ಮಿಡಿತಕ್ಕೂ) ಜಿಗಿಯುತ್ತಿದ್ದರೆ ಅದಕ್ಕೆ ಗುಳ್ಳೆ ಅಂಟಿರುವ ಸಾಧ್ಯತೆಯೇ ಹೆಚ್ಚು. ಗೇನ್ ಮುಟ್ಟಬೇಡಿ, ಗುಂಡನ್ನು ಮೇಲೆತ್ತಿ ಮತ್ತೊಮ್ಮೆ ತೊಳೆಯಿರಿ.